ಬಿಳಿ ಉಡುಪು ಎಂದಿತ್ತು

ಇವಳೂ ಬಿಳಿ, ಟ್ಯಾಕ್ಸಿಯಿಂದ ಇಳಿದವಳ ಇಸ್ತ್ರಿಯ ಗೆರೆ ಬಿಸಿಲಿಗೆ ಹೊಳೆಯುತ್ತಿದೆ, ಹಿಂದೆ ಗಂಡನೂ ಹೆಗಲ ಮೇಲೆ ಬಿಳಿ ಹೊದ್ದು ಇಳಿಯುತ್ತಿದ್ದಾನೆ, ಶಾಮಿಯಾನದ ಕೆಳಗೆ ಕುರ್ಚಿಗಳ ಸಾಲಿಗೆ ಸಾಲೇ ಬೆಳ್ಳಗಾಗುತ್ತಿದೆ, ನಡುವೆ ಮನೆಯವರು ನಾವು ಒಂದು ಹಿಡಿ ಮಂದಿ ಕೆಂಪು-ಕಪ್ಪು, ಅಮ್ಮನ ಹಣೆಗೆ ಕಟ್ಟಿದ ಕೆಂಪು ಪಟ್ಟಿ — ಅಮ್ಮ, ತಲೆ ಎತ್ತಬೇಡ, ನೆಲವನ್ನೇ ನೋಡುತ್ತಿರು. ಬಿಳಿ ಉಡುವುದು ತುಂಬಿ ಬಾಳಿದವರ ಸಾವಿಗೆ, ಮರಿಮಕ್ಕಳನ್ನು ಕಂಡು ಕಣ್ಮುಚ್ಚಿದ ಅಜ್ಜಿಯರಿಗೆ, ಅಕಾಲದ ಸಾವಿಗಾದರೆ ಕೆಂಪು-ಕಪ್ಪು, ನಮ್ಮೂರು ಕುಮಾಸಿಯಲ್ಲಿ ಇದು ಹಾಲು ಕುಡಿಯುವ ಮಗುವಿಗೂ ಗೊತ್ತು, ನನ್ನ ತಮ್ಮ ಕ್ವಾಕುವಿಗೆ ಇಪ್ಪತ್ತಾರು, ಲಾರಿಗೆ ಬಡಿದ ಅವನ ಬೈಕು ಇನ್ನೂ ಠಾಣೆಯ ಅಂಗಳದಲ್ಲಿ ಬಿದ್ದಿದೆ. ಇಷ್ಟು ಜನ ಬಿಳಿ ಉಟ್ಟು ಬಂದದ್ದು ನಾನು ಕಟ್ಟಿದ ಜಾಲತಾಣ ಹೇಳಿತೆಂದು.

ಊರಿನ ಸಾವಿನ ಪ್ರಕಟಣೆಗಳೆಲ್ಲ ಅಲ್ಲೇ ಬರುತ್ತವೆ, ಹೆಸರು, ವಯಸ್ಸು, ಜಾಗ, ಕೊನೆಗೆ ನಾನೇ ಸೇರಿಸಿದ ಒಂದು ವರ್ಗೀಕರಣ, ಉಡುಪು: ಬಿಳಿ, ಕಪ್ಪು, ಕೆಂಪು-ಕಪ್ಪು, ಒಂದನ್ನು ಒತ್ತಿದರೆ ಆಯಿತು, ಆದರೆ ಜನ ಒತ್ತುತ್ತಿರಲಿಲ್ಲ, ಅಳುತ್ತಿರುವವರಿಗೆ ಯಾವ ಗುಂಡಿ ಕಾಣುತ್ತದೆ, ಏನೂ ಒತ್ತದ ಪ್ರಕಟಣೆ ಯಾವ ಗುಂಪಿಗೂ ಸೇರದೆ ಹುಡುಕಿದವರ ಕಣ್ಣಿಗೇ ಬೀಳುತ್ತಿರಲಿಲ್ಲ, ಸತ್ತವರು ಇನ್ನೊಮ್ಮೆ ಕಳೆದುಹೋದ ಹಾಗೆ — ಅದಕ್ಕೇ ಡೀಫಾಲ್ಟ್ ಇಟ್ಟೆ, ಯಾರೂ ಏನೂ ಹೇಳದಿದ್ದರೆ ಬಿಳಿ. ಅವತ್ತು ಕ್ವಾಕು ನನ್ನ ಕುರ್ಚಿಯ ಹಿಂದೆ ನಿಂತು ಹುರಿದ ಬಾಳೆಹಣ್ಣು ತಿನ್ನುತ್ತಿದ್ದ, ಕೀಬೋರ್ಡಿಗೆಲ್ಲ ಎಣ್ಣೆ, ಅಕ್ಕ, ಎಲ್ರೂ ಮುದುಕರಾಗೇ ಸಾಯ್ತಾರೆ ಅಂತ ಯಾರು ಹೇಳಿದ್ರು ನಿಂಗೆ, ಯಾರೂ ಹೇಳಿಲ್ಲ ಕಣೋ, ಆಸೆ, ಆಸೆ ಪಡೋಕೂ ನಿನ್ನ ಅಪ್ಪಣೆ ಬೇಕಾ, ಸರಿ ಸರಿ ನಂಗೂ ಬಿಳೀನೇ ಹಾಕು, ಹಲ್ಲೆಲ್ಲ ಉದುರಿದ್ಮೇಲೆ, ಎಂದು ಬೊಚ್ಚು ಬಾಯಿ ಮಾಡಿ ತೋರಿಸಿದ, ನಾನು ನಕ್ಕೆ. ಈಗ ಅಮ್ಮನ ಹಣೆಯ ಪಟ್ಟಿ ಸ್ವಲ್ಪ ಸಡಿಲಾಗಿದೆ, ಕಟ್ಟಬೇಕು, ಹತ್ತಿರ ಹೋದರೆ ತಲೆ ಎತ್ತಿಬಿಟ್ಟಾಳು.

ನಮ್ಮಲ್ಲಿ ಸಾವಿನ ಹೊಣೆ ಸೋದರಮಾವನದು, ಅಮ್ಮನ ಅಣ್ಣ ಓಪೋಕು ಮಾವ ಮೊಬೈಲಿನಿಂದಲೇ ಪ್ರಕಟಣೆ ಹಾಕಿದ್ದರು, ನಾನು ಆ ಪುಟ ತೆರೆಯಲೇ ಇಲ್ಲ, ದಿನವೂ ಯಾರು ಯಾರದೋ ಹೆಸರು ನೋಡುವ ಜಾಗದಲ್ಲಿ ಅವನ ಹೆಸರು ನೋಡುವ ಧೈರ್ಯ ಇರಲಿಲ್ಲ, ಈ ಬೆಳಿಗ್ಗೆ ಮೊದಲ ಬಿಳಿ ಬಟ್ಟೆ ಕಂಡಾಗಲೇ ಗೊತ್ತಾದದ್ದು, ನೇರ ಮಾವನ ಬಳಿ ಹೋದೆ. ಮಾವ, ಉಡುಪು ಯಾಕೆ ಒತ್ಲಿಲ್ಲ ನೀವು, ನಾನ್ಯಾಕೆ ಒತ್ಬೇಕು, ವಯಸ್ಸು ಇಪ್ಪತ್ತಾರು ಅಂತ ಬರ್ದಿದೀನಲ್ಲ, ಇಪ್ಪತ್ತಾರಕ್ಕೆ ಯಾವ ಬಟ್ಟೆ ಅಂತ ನಿನ್ನ ಯಂತ್ರಕ್ಕೆ ಅಷ್ಟೂ ಗೊತ್ತಾಗಲ್ವಾ. ಗೊತ್ತಾಗಲ್ಲ ಮಾವ. ಬಂದವರಿಗೂ ವಿಚಿತ್ರ ಅನಿಸಿರಬೇಕು, ಆದರೆ ಮನೆಯವರು ಹೇಳಿದ ಬಟ್ಟೆಗೆ ಎದುರಾಡುವುದುಂಟೇ, ಹೆತ್ತವಳ ಇಷ್ಟವಿರಬೇಕು ಎಂದುಕೊಂಡು ಉಟ್ಟು ಬಂದಿದ್ದಾರೆ, ಪಾಪ. ಮೊಬೈಲು ಕೈಯಲ್ಲೇ ಇದೆ, ಡೀಫಾಲ್ಟ್ ಬದಲಿಸಬಹುದು, ಏನೆಂದು ಬದಲಿಸಲಿ, ಕೆಂಪು ಅಂದರೆ ನಾಳೆ ತೊಂಬತ್ತರ ಅಜ್ಜಿಯೂ ಅಕಾಲಕ್ಕೆ ಹೋದಂತೆ, ಖಾಲಿ ಬಿಟ್ಟರೆ ಯಾರೂ ಯಾರಿಗೂ ಸಿಗುವುದಿಲ್ಲ, ಬೆರಳು ಅಲ್ಲೇ ನಿಂತಿದೆ.

ಅಮ್ಮ ತಲೆ ಎತ್ತಿದಳು. ಶವಾಗಾರದಿಂದ ಬಂದಮೇಲೆ ಒಂದು ಮಾತೂ ಆಡದವಳು, ಒಂದೊಂದೇ ಸಾಲು ನೋಡುತ್ತಿದ್ದಾಳೆ, ಬಿಳಿ, ಬಿಳಿ, ಅವಳ ಮುಖ ಅರಳುತ್ತಿದೆ, ಬೇಡ ಅಮ್ಮ, ಹಾಗೆ ನೋಡಬೇಡ, ನನ್ನನ್ನೇ ಕರೆಯುತ್ತಿದ್ದಾಳೆ, ಸೆರ್ವಾ ಬಾ ಇಲ್ಲಿ, ಎಲ್ರೂ ಬಿಳಿ ಉಟ್ಟಿದಾರೆ ನೋಡು, ಯಾರೋ ವಯಸ್ಸಾದೋರು ಹೋಗಿದಾರೆ ಕಣೇ, ಹಾಗಾದ್ರೆ ಇದು ನಮ್ಮ ಕ್ವಾಕೂದಲ್ಲ, ಅಲ್ವಾ. ಅಮ್ಮ ಎರಡೂ ಕೈ ತಲೆಯ ಹಿಂದೆ ಒಯ್ದು ಗಂಟು ಬಿಚ್ಚುತ್ತಿದ್ದಾಳೆ, ಇದನ್ನ ಮಡಚಿ ಒಳಗಿಡು, ಯಾಕೆ ಕಟ್ಟಿದ್ರೋ ನಂಗೆ, ನನ್ನ ಅಂಗೈಯಲ್ಲಿ ಕೆಂಪು ಪಟ್ಟಿ, ಅವಳ ಹಣೆಯ ಬೆವರಿಗೆ ಇನ್ನೂ ಒದ್ದೆ, ಕೆಂಪು ಪಟ್ಟಿ —