ಒಳಗಿನ ಕೆಂಪು ಹಿಡಿ

ಭಾವನ ಮೊದಲ ಒದೆ ಟ್ರೇಲರ್ ಬಾಗಿಲಿಗೆ ಬಿತ್ತು, ಎರಡನೆಯದು ಅವಳ ಸೊಂಟಕ್ಕೆ. ಬಾಗಿಲ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುತ್ತ ಮಂಡಿಯೂರಿದ್ದವಳು ಗೋಂದಿನ ಡಬ್ಬಿ ಸಮೇತ ಸಿಮೆಂಟ್ ಅಂಗಳಕ್ಕೆ ಉರುಳಿದಳು.

"ಮೀನು ಸಾಗಿಸೋ ಗಾಡೀಲಿ ನಾಯಿಕೊಡೆ ಬೆಳೀತೀಯಾ? ಸಂಜೆ ಲೋಡ್ ಹಾಕ್ಬೇಕು. ಖಾಲಿ ಮಾಡು."

"ನಾಯಿಕೊಡೆ ಅಲ್ಲ, ತಿನ್ನೋ ಅಣಬೆ." ಮೊಣಕೈಯ ರಕ್ತ ಒರೆಸಿಕೊಳ್ಳುತ್ತ ಅವಳು ಎದ್ದಳು. "ಲಾರಿ ಎಂಜಿನ್ ನಿಮ್ಗೆ, ಹಿಂದಿನ ಡಬ್ಬಿ ನಮ್ಗೆ. ಪಾಲು ಮಾಡಿದ್ದು ನೀವೇ ಭಾವ."

"ಸತ್ತೋನಿಗೆಂಥ ಪಾಲು?"

ಆಚೆ ಡ್ರಮ್ಮಿನಲ್ಲಿ ಒಣಹುಲ್ಲು ನೆನೆಸುತ್ತಿದ್ದ ಅತ್ತೆ ತಲೆ ಎತ್ತಿದರು. "ಏನೋ, ಮಾತಾಡ್ಲಿ ಅಂತ ಬಾಯಿ ಕೊಟ್ಟು ಹೆತ್ತಿದ್ದೀನಿ. ಕಾಲಲ್ಲಿ ಮಾತಾಡೋದನ್ನ ಯಾವ ಕತ್ತೆ ಹತ್ರ ಕಲಿತೆ?"

"ನೀನು ಸುಮ್ನಿರಮ್ಮ. ಹೆತ್ತಿದ್ದು ಸಾಕು."

ಟ್ರೇಲರಿನ ಆ ಡಬ್ಬಿ ಒಂದು ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರ ಅನ್ನ. ಅಣ್ಣ ಲಾರಿ ಓಡಿಸುತ್ತಿದ್ದ. ತಮ್ಮ, ಎಂದರೆ ಅವಳ ಗಂಡ, ಅದರ ತಂಪಿನ ಯಂತ್ರ ನೋಡಿಕೊಳ್ಳುತ್ತಿದ್ದ. ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಅದಕ್ಕೇ ಮನೆಯಲ್ಲೊಂದು ಕಟ್ಟಳೆ: ಚಿಲಕ ಹಾಕುವ ಮುನ್ನ ಬಾಗಿಲಿಗೆ ಎರಡು ಸಲ ಬಡಿಯಬೇಕು, ಕಾಯಬೇಕು, ಒಳಗಿನಿಂದ ಬಡಿತ ಬರದಿದ್ದರೆ ಮಾತ್ರ ಚಿಲಕ. ಎರಡು ವರ್ಷದ ಹಿಂದೆ ಗಂಡ ಫ್ಯಾನ್ ನೋಡಲೆಂದು ಒಳಹೊಕ್ಕಿದ್ದ. ಭಾವ ಚಿಲಕ ಹಾಕಿಕೊಂಡು ಹೊರಟೇಬಿಟ್ಟ. ಮೀನು ಇಳಿಸುವ ಊರಿನವರೆಗೆ ಹೋಗಿ ಬಾಗಿಲು ತೆಗೆದಾಗ ಪೆಟ್ಟಿಗೆಗಳ ನಡುವೆ ಗಂಡ ಚಳಿಗೆ ಸೆಟೆದು ಹೆಣವಾಗಿ ಕೂತಿದ್ದ. "ಬಡಿದೆ, ಕಾದೆ. ಗೋಡೆ ದಪ್ಪ, ಏನೂ ಕೇಳಿಸ್ಲಿಲ್ಲ," ಎಂದು ಭಾವ ಎದೆ ಬಡಿದುಕೊಂಡು ಅತ್ತಿದ್ದ. ಎಲ್ಲರೂ ನಂಬಿದರು. ಅವಳೂ ನಂಬಿದಳು. ನಂಬದೆ ಇನ್ನೇನು ಮಾಡುವುದು, ಒಂದೇ ಅಂಗಳದ ನೀರು ಕುಡಿಯುವವರು.

ಆಮೇಲೆ ಗಂಡನ ಸ್ಪ್ಯಾನರ್ ಪೆಟ್ಟಿಗೆ ಹಿಡಿದು ಮನೆಮನೆಯ ಫ್ರಿಜ್ಜು, ಎಸಿ ರಿಪೇರಿಗೆ ಹೊರಟಳು. ಬೀದಿಯವರು ಫ್ರಿಜ್ಜಮ್ಮ ಎಂದು ಹೆಸರಿಟ್ಟರು. ಒಬ್ಬಳ ದುಡಿಮೆ ಇಬ್ಬರು ಮಕ್ಕಳ ಹೊಟ್ಟೆಗೆ ಸಾಲದು. ಗೋದಾಮಿನ ಹಿಂದೆ ತುಕ್ಕು ಹಿಡಿಯುತ್ತಿದ್ದ ಡಬ್ಬಿಯನ್ನು ಒಂದು ದಿನ ನಿಂತು ನೋಡಿ, "ಗಂಡನ್ನ ನುಂಗಿದೆಯಲ್ಲ, ಮಕ್ಕಳಿಗಾದ್ರೂ ಉಣ್ಣಿಸು," ಎಂದಳು.

ಎಲ್ಲಕ್ಕಿಂತ ಮೊದಲು ಮಾಡಿದ್ದು ಬಾಗಿಲಿನ ಒಳಮೈಗೆ ಒಂದು ಕಬ್ಬಿಣದ ಹಿಡಿ ಕೂರಿಸಿದ್ದು. ಒಳಗಿದ್ದವರು ಅದನ್ನು ಒತ್ತಿದರೆ ಹೊರಗಿನ ಚಿಲಕ ತಾನೇ ಜಾರುತ್ತದೆ. ಅದಕ್ಕೆ ಕೆಂಪು ಬಣ್ಣ ಬಳಿದಳು. ಆಮೇಲೆ ಮೀನಿನ ನಾತ ಹೋಗುವವರೆಗೆ ಅತ್ತೆ ಸೊಸೆ ಇಬ್ಬರೂ ಉಜ್ಜಿದರು. ಹಳೆಯ ಗೋಡೆಯ ಮೇಲೆ ಇನ್ನೊಂದು ಗೇಣು ಫೋಮು ಹಚ್ಚಿ ಪ್ಲಾಸ್ಟಿಕ್ ಹಾಳೆ ಹೊಡೆದಳು. ಯಾರೋ ಎಸೆದ ಎಸಿಯನ್ನು ಬಿಚ್ಚಿ, ಗ್ಯಾಸ್ ತುಂಬಿಸಿ ಮೂಲೆಗೆ ನೇತುಹಾಕಿದಳು. ಅಣಬೆಯೂ ನಮ್ಮಂತೆ ಉಸಿರಾಡುತ್ತದೆ, ಕೆಟ್ಟ ಗಾಳಿ ಹೊರಹೋಗಬೇಕು; ಅದಕ್ಕೆ ಬಾಗಿಲ ಪಕ್ಕದಲ್ಲೇ ತೂತು ಕೊರೆದು ಪುಟ್ಟ ಫ್ಯಾನು. ಹೊಗೆಯಂಥ ತುಂತುರು ಎಬ್ಬಿಸಲು ಒತ್ತಡದ ಗಾಳಿ ಬೇಕಿತ್ತು. ಹೊಸ ಟ್ಯಾಂಕು ಕೊಳ್ಳುವ ಬದಲು ಡಬ್ಬಿಯ ಹೊಟ್ಟೆಯಡಿ ಇದ್ದ ಬ್ರೇಕಿನ ಗಾಳಿ ಟ್ಯಾಂಕನ್ನೇ ಕಳಚಿ ಒಳಗೆ ಕೂರಿಸಿದಳು. ಆ ಗಾಳಿ ಇಲ್ಲದಿದ್ದರೆ ಬ್ರೇಕು ಚಕ್ರವನ್ನು ಬಿಡುವುದಿಲ್ಲ. ನಿಂತ ಗಾಡಿ ತಾನೇ, ಹಿಡಿದುಕೊಂಡೇ ಇರಲಿ ಎಂದುಕೊಂಡಿದ್ದಳು. ಈಗ ಅಣಬೆ ಬೀಜ ಬೆರೆಸಿ ಕಟ್ಟಿಟ್ಟ ಹುಲ್ಲಿನ ಚೀಲಗಳೆಲ್ಲ ಬೆಳ್ಳಗೆ ಬೂಸಲು ಕಟ್ಟಿ, ತೂತುಗಳಲ್ಲಿ ಗುಂಡುಸೂಜಿಯ ತಲೆಯಂಥ ಮೊಗ್ಗು ಇಣುಕುತ್ತಿದ್ದವು. ನಾಲ್ಕು ದಿನ ತಂಪು ತಪ್ಪದಿದ್ದರೆ ಮೊದಲ ಕೊಯ್ಲು.

ಭಾವನಿಗೆ ಇದೊಂದೂ ಗೊತ್ತಿರಲಿಲ್ಲ. ತಮ್ಮನ ಹೆಣ ಇಳಿಸಿದ ಮೇಲೆ ಆ ಡಬ್ಬಿಯೊಳಕ್ಕೆ ಅವನು ಕಾಲಿಟ್ಟಿರಲಿಲ್ಲ.

ಅವನು ಕರೆಂಟಿನ ವೈರನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಫ್ಯಾನಿನ ಗುಂಯ್‌ಗುಡುವಿಕೆ ನಿಂತಿತು. ಎಂಜಿನ್ ಹಿಂದಕ್ಕೆ ತಂದು ಡಬ್ಬಿಗೆ ಕಚ್ಚಿಸಿ, ಅದು ನೆಲಕ್ಕೆ ಊರಿ ನಿಂತಿದ್ದ ಕಬ್ಬಿಣದ ಮುಂಗಾಲುಗಳನ್ನು ಹ್ಯಾಂಡಲ್ ತಿರುಗಿಸಿ ಮೇಲೆತ್ತಿ, ಕಳಚಿದ ಹ್ಯಾಂಡಲನ್ನು ಅತ್ತೆಯ ಕಾಲಬುಡಕ್ಕೆ ಎಸೆದ. ಲಾರಿ ಅಬ್ಬರಿಸಿತು. ಚಕ್ರಗಳು ಸಿಮೆಂಟು ಕೆರೆದವು, ಸುಟ್ಟ ರಬ್ಬರಿನ ಹೊಗೆ ಎದ್ದಿತು. ಡಬ್ಬಿ ಗೇಣಷ್ಟೂ ಅಲುಗಲಿಲ್ಲ.

ಇಳಿದು ಬಗ್ಗಿ ನೋಡಿದವನ ಮುಖ ಕಪ್ಪಿಟ್ಟಿತು. "ಗಾಳಿ ಟ್ಯಾಂಕ್ ಎಲ್ಲೇ?"

"ಒಳಗೆ ಮಂಜು ಊದ್ತಿದೆ," ಎಂದರು ಅತ್ತೆ. "ಹೋಗಿ ಮುಖ ತೊಳ್ಕೋ, ಬುದ್ಧಿ ಬರುತ್ತೆ."

ಅವನು ಲಾರಿಯಿಂದ ಕಬ್ಬಿಣದ ಸಲಾಕೆ ತೆಗೆದುಕೊಂಡು ಒಳನುಗ್ಗಿದ. ಮೊದಲ ಸಾಲಿನ ಚೀಲಗಳು ಒಡೆದು ಹುಲ್ಲು ಚೆಲ್ಲಿತು. ಎಸಿಯ ಮೂತಿ ಒಡೆಯಿತು. ಅವಳು ದೊಡ್ಡ ಪೈಪ್ ಸ್ಪ್ಯಾನರ್ ಹಿಡಿದು ಹಿಂದೆಯೇ ಹತ್ತಿದಳು. "ಇಳೀರಿ ಭಾವ. ಇಳೀರಿ ಅಂದೆ." ಸಲಾಕೆ ತಿರುಗಿ ಅವಳ ಭುಜಕ್ಕೆ ಬಿತ್ತು. ಸ್ಪ್ಯಾನರ್ ಅವನ ಪಕ್ಕೆಗೆ ಬಿತ್ತು. ಒದ್ದೆ ಮೂಟೆಗೆ ಹೊಡೆದಂಥ ಸದ್ದು. ಅವನು ಅವಳ ಜಡೆಯನ್ನು ಕೈಗೆ ಸುತ್ತಿಕೊಂಡು ತಲೆಯನ್ನು ಗೋಡೆಗೆ ಬಡಿದ. ಫೋಮು ಇದ್ದುದರಿಂದ ಬುರುಡೆ ಉಳಿಯಿತು. ಎರಡನೇ ಸಲ ಬಡಿದಾಗ ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಅವಳು ಸಿಕ್ಕಿದ ಬೆರಳನ್ನು ಕಚ್ಚಿದಳು, ಮೂಳೆ ಸಿಗುವವರೆಗೆ ಬಿಡಲಿಲ್ಲ. ಅವನ ಕೈ ಅವಳ ಕತ್ತಿಗೆ ಬಂತು. ಕಣ್ಣು ಮಂಜಾಯಿತು.

ಆಗ ಅತ್ತೆಯ ಕೈಯ ಹ್ಯಾಂಡಲ್ ಬೀಸಿ ಬಂತು. ಅವನ ಮಣಿಕಟ್ಟು ಲಟಕ್ಕೆಂದಿತು.

"ಅಮ್ಮಾ!" ಭಾವ ಕೈ ಹಿಡಿದು ಕುಸಿದ. ಅತ್ತೆ ಸೊಸೆಯ ರಟ್ಟೆ ಹಿಡಿದು ಹೊರಗೆ ದಬ್ಬಿ, ತಾವೂ ಜಿಗಿದು, ಬಾಗಿಲು ನೂಕಿ ಚಿಲಕ ಬೀಳಿಸಿದರು.

ಅಂಗಳ ತಣ್ಣಗಾಯಿತು.

"ಅತ್ತೆ, ಫ್ಯಾನ್ ನಿಂತಿದೆ. ಒಳಗೆ ಕತ್ತಲು."

"ಗೊತ್ತು. ಬಿಸಿ ಇಳೀಲಿ, ಆಮೇಲೆ ತೆಗೆಯೋಣ. ಅದೂ ಅಲ್ದೆ, ಕೆಂಪು ಹಿಡಿ ಇದೆಯಲ್ಲ."

"ಅವ್ರಿಗೆ ಗೊತ್ತಿಲ್ಲ ಅತ್ತೆ."

ವರ್ಷಗಳ ರೂಢಿಯಿಂದ ಅತ್ತೆಯ ಕೈ ತಾನಾಗಿ ಎದ್ದು ಬಾಗಿಲಿಗೆ ಎರಡು ಸಲ ಬಡಿಯಿತು. ದಪ್, ದಪ್.

ಒಳಗಿನಿಂದ ಉತ್ತರ ಬಂತು. ದಪ್, ದಪ್. ದಪ್ ದಪ್ ದಪ್. ಒಂದು ಕೈ ಮುರಿದವನ ಬಡಿತ. ಹಳೆಯ ಗೋಡೆ, ಅದರ ಮೇಲೆ ಅವಳೇ ಹಚ್ಚಿದ ಗೇಣು ಫೋಮು, ಹಾಳೆ, ಹೊಸ ರಬ್ಬರ್ ಪಟ್ಟಿ, ಇಷ್ಟನ್ನೂ ದಾಟಿ ಅದು ಬಾಗಿಲಿನ ತಗಡಿನಲ್ಲಿ ನಡುಗುತ್ತಿತ್ತು. ಕಿವಿ ಇಡುವುದೂ ಬೇಕಿರಲಿಲ್ಲ.

ಅತ್ತೆ ತಮ್ಮ ಅಂಗೈಯನ್ನು ತಗಡಿಗೆ ಒತ್ತಿದರು. ಅವಳೂ ಒತ್ತಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಆಗ ಗೋಡೆ ಇಷ್ಟು ದಪ್ಪ ಇರ್ಲಿಲ್ಲ, ಅಲ್ವೇನೇ?" ಎಂದರು ಅತ್ತೆ.

"ಇರ್ಲಿಲ್ಲ."

"ಕೇಳಿಸ್ಲಿಲ್ಲ ಅಂದ."

ಅವಳು ತುಟಿಯ ರಕ್ತ ಉಗಿದಳು. ಸ್ಪ್ಯಾನರನ್ನು ಗಟ್ಟಿಯಾಗಿ ಹಿಡಿದು ಬಾಗಿಲ ಮುಂದೆ ನಿಂತಳು. ಈ ಬಾಗಿಲು ತೆರೆದರೆ ಅವನ ತಲೆ ಎಷ್ಟು ಎತ್ತರಕ್ಕೆ ಬರುತ್ತದೆಂದು ಕಣ್ಣಲ್ಲೇ ಅಳೆದಳು. ತೆರೆಯದಿದ್ದರೂ ನಡೆಯುತ್ತಿತ್ತು. ಅವನ ಮಾತನ್ನೇ ಅವನಿಗೆ ತಿರುಗಿಸಬಹುದಿತ್ತು: ಬಡಿದೆವು, ಕಾದೆವು, ಏನೂ ಕೇಳಿಸಲಿಲ್ಲ.

ಅತ್ತೆ ಫ್ಯಾನಿನ ತೂತಿಗೆ ಬಾಯಿಟ್ಟರು.

"ಕೇಳಿಸ್ತಿದೆಯೇನೋ?"

"ಅಮ್ಮಾ, ತೆಗೀ! ಉಸಿರು ಕಟ್ತಿದೆ! ಕತ್ತಲು ಅಮ್ಮಾ..."

"ಅವತ್ತು ಅವ್ನು ಬಡಿದ್ನಾ?"

ಒಳಗೆ ಬಡಿತ ನಿಂತಿತು. ಆಮೇಲೆ ಮಗುವಿನಂಥ ಬಿಕ್ಕು. "ಗಾಡಿ ಹೊರಟಿತ್ತಮ್ಮ... ಟಪಟಪ ಅಂತಿತ್ತು. ಪೆಟ್ಟಿಗೆ ಜಾರ್ತಿದೆ ಅನ್ಕೊಂಡೆ. ಇಳಿದು ನೋಡೋಕೆ ಸೋಮಾರಿತನ..."

ಅತ್ತೆ ಹಣೆಯನ್ನು ತಗಡಿಗೆ ಆನಿಸಿ ನಿಂತರು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ತೂತಿಗೆ ಬಾಯಿಟ್ಟರು.

"ಬಲಗಡೆ ಕೈಯಾಡಿಸು. ಸೊಂಟದ ಎತ್ತರಕ್ಕೆ ಒಂದು ಹಿಡಿ ಇದೆ. ಒತ್ತು. ನಿನ್ನ ತಮ್ಮನಿಗೆ ಅದೂ ಇರ್ಲಿಲ್ಲ ಕಣೋ."

ತಡಕಾಟ. ಚಿಲಕ ಜಾರಿತು. ಭಾವ ಮುಗ್ಗರಿಸಿ ಅಂಗಳಕ್ಕೆ ಬಿದ್ದು ಬಾಯಿ ತೆರೆದು ಗಾಳಿ ಎಳೆದ. ಸ್ಪ್ಯಾನರ್ ಮೇಲೆದ್ದಿತ್ತು. ಅವಳಿಗಿಂತ ಮೊದಲು ಅತ್ತೆಯ ಹ್ಯಾಂಡಲ್ ಇಳಿಯಿತು, ಅವನ ಮೊಣಕಾಲ ಮೇಲೆ. ಇನ್ನೊಮ್ಮೆ, ಅದೇ ಜಾಗಕ್ಕೆ. ಅವನ ಕೂಗಿಗೆ ಗೋದಾಮಿನ ಮಾಡಿನ ಪಾರಿವಾಳಗಳೆಲ್ಲ ಎದ್ದವು.

"ಇನ್ಮೇಲೆ ಲಾರಿಯಿಂದ ಇಳಿಯೋಕೆ ಸೋಮಾರಿತನ ಅಂತ ಹೇಳೋ ಹಾಗಿಲ್ಲ," ಎಂದರು ಅತ್ತೆ. "ಇಳಿಯೋಕೆ ಆಗಲ್ಲ ಅಂತ್ಲೇ ಹೇಳು."

ಅವಳು ಸ್ಪ್ಯಾನರನ್ನು ನಿಧಾನ ಕೆಳಗಿಳಿಸಿದಳು. ಹೊಡೆಯಲು ಜಾಗ ಉಳಿದಿರಲಿಲ್ಲ ಎಂದಲ್ಲ. ಮಕ್ಕಳು ಶಾಲೆಯಿಂದ ಬರುವ ಹೊತ್ತಾಗಿತ್ತು.

ಭಾವ ಒಂದು ಕೈ, ಒಂದು ಕಾಲು ಎಳೆದುಕೊಂಡು ಗೇಟು ದಾಟಿದ. ಲಾರಿಯಲ್ಲೇ ಬಿಟ್ಟಿದ್ದ ಬೀಗದ ಕೈ ಆಗಲೇ ಅತ್ತೆಯ ಸೊಂಟ ಸೇರಿತ್ತು, ಅವನು ಕೇಳಲಿಲ್ಲ. ಅತ್ತೆ ಹ್ಯಾಂಡಲ್ಲಿನ ರಕ್ತವನ್ನು ಹುಲ್ಲಿನಿಂದ ಒರೆಸಿ, ಅದರ ಜಾಗಕ್ಕೆ ಸಿಕ್ಕಿಸಿ, ಡಬ್ಬಿಯ ಮುಂಗಾಲುಗಳನ್ನು ಮತ್ತೆ ನೆಲಕ್ಕೆ ಇಳಿಸಿದರು. ಅವಳು ವೈರ್ ಜೋಡಿಸಿದಳು. ಫ್ಯಾನು ಕೆಮ್ಮಿ ತಿರುಗತೊಡಗಿತು. ಒಳಗೆ ಒಂದು ಸಾಲು ಪೂರ್ತಿ ಹೋಗಿತ್ತು; ಹಿಂದಿನ ಮೂರು ಸಾಲುಗಳಲ್ಲಿ ಮೊಗ್ಗು ಹಾಗೇ ಇದ್ದವು. ಎಸಿಯ ಪೈಪು ಬೆಸೆದು ಗ್ಯಾಸ್ ತುಂಬಿಸಬೇಕು, ತಂಪು ಓಡಿಹೋಗುವ ಮೊದಲು.

"ಬಾಗಿಲು ಹಾಕಿ ಅತ್ತೆ, ಬಿಸಿಗಾಳಿ ಬರ್ತಿದೆ."

ಅತ್ತೆ ಬಾಗಿಲು ಹಾಕಿದರು. ಚಿಲಕ ಮುಟ್ಟುವ ಮೊದಲು ಎರಡು ಸಲ ಬಡಿದು, ಅಂಗೈಯನ್ನು ತಗಡಿನ ಮೇಲೇ ಇಟ್ಟುಕೊಂಡು ಕಾದರು. ಒಳಗಿನಿಂದ ಅವಳು ಸ್ಪ್ಯಾನರಿನಲ್ಲಿ ಎರಡು ಸಲ ಬಡಿದಳು. ಆದರೂ ಅತ್ತೆ ಕೈ ತೆಗೆಯಲಿಲ್ಲ. ಚಿಲಕವನ್ನೂ ಹಾಕಲಿಲ್ಲ.