ಒಂದು ಪಾಯಿಂಟ್ ಮೂರು

"ದನ ಕಾಯಾಕ ಹೋಗಿದ್ರ ನೆಟ್ಟಗೆ ಕಾಯ್ತಿತ್ತು ನಿನ್ನ ಮಗಳು. ಜರ್ಮನಿಗೆ ಹೋಗಿ ಒಂದು ಪಾಯಿಂಟ್ ಮೂರು ತಗಂಡು ಬಂದೈತಿ. ಹತ್ತಕ್ಕ ಒಂದು. ಬೋಳಿಮಗಂದು, ಇದಕ್ಕ ವಿಮಾನ ಬ್ಯಾರೆ."

ರೇಣುಕಾಪ್ರಸಾದ್ ಕಾಗದವನ್ನು ಮಂಡಿಯ ಮೇಜಿನಿಂದ ಕೆಳಕ್ಕೆ ತಳ್ಳಿದರು. ಸುಂಕಲಮ್ಮ ಧೂಳು ಮೆತ್ತಿದ ಕೈಯನ್ನು ಸೆರಗಿಗೆ ಒರೆಸಿ ಅದನ್ನು ಎತ್ತಿಕೊಂಡಳು. ಸೊರಬದ ಹೊಸಬಾಳೆಯಿಂದ ಬಂದು, ಶಿಕಾರಿಪುರದ ಈ ಮಂಡಿಯ ಕಣದಲ್ಲಿ ಹನ್ನೊಂದು ವರ್ಷದಿಂದ ಮೆಕ್ಕೆಜೋಳ ಒಣಗಿಸುತ್ತಿದ್ದಾಳೆ. ಮಂಡಿಯೂ ರೇಣುಕಾಪ್ರಸಾದರದೇ, ಮಗಳು ಓದುವ ಕಾಲೇಜಿನ ಕಾರ್ಯದರ್ಶಿಯೂ ಅವರೇ. ಎಲ್ಲಿ ಹೋದರೂ ಅದೇ ಮನುಷ್ಯನ ಮುಂದೆ ಕೈಕಟ್ಟಿ ನಿಲ್ಲುವ ಹಣೆಬರಹ.

ಮಗಳು ನಾಗಶ್ರೀ ಸ್ಕಾಲರ್‌ಶಿಪ್ ಪಡೆದು ಆರು ತಿಂಗಳು ಜರ್ಮನಿಯಲ್ಲಿ ಓದಿ ಬಂದಿದ್ದಳು. ಅಲ್ಲಿಯ ಮೂವತ್ತು ಕ್ರೆಡಿಟ್ಟು, ಅಲ್ಲಿಯ ಗ್ರೇಡು ಇಲ್ಲಿಯ ಅಂಕಪಟ್ಟಿಗೆ ಸೇರಬೇಕಾದರೆ ಕಾರ್ಯದರ್ಶಿಯ ಸಹಿ ಬೇಕು. ಇವತ್ತೇ ಸಂಜೆ ಐದಕ್ಕೆ ವಿಶ್ವವಿದ್ಯಾಲಯದ ಗಡುವು. ತಪ್ಪಿದರೆ ಒಂದು ವರ್ಷ ಮಣ್ಣುಪಾಲು. ಅಲ್ಲಿ ಒಂದು ಅಂದರೆ ಎಲ್ಲಕ್ಕಿಂತ ಮೇಲು, ಐದು ಅಂದರೆ ಫೇಲು ಎಂದು ಹುಡುಗಿ ಮೂರು ದಿನದಿಂದ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು. ಅಲ್ಲಿಯವರು ಬರೆದುಕೊಟ್ಟ ವಿವರಣೆಯೂ ಜೊತೆಗಿತ್ತು. ಅದನ್ನು ಓದುವ ಪುರುಸೊತ್ತು ಯಾರಿಗಿದೆ! ಈಗ ಅವಳು ಬಾಗಿಲಾಚೆ, ಚಪ್ಪಲಿಗಳ ಪಕ್ಕ ನಿಂತು ಫೋನಿನಲ್ಲಿ ಗಂಟೆ ನೋಡುತ್ತಿದ್ದಳು. ಮೂರೂವರೆ.

ಸುಂಕಲಮ್ಮನಿಗೆ ಕ್ರೆಡಿಟ್ಟೂ ಗೊತ್ತಿಲ್ಲ, ಜರ್ಮನಿಯೂ ಗೊತ್ತಿಲ್ಲ. ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದಳು. ಅಷ್ಟರಲ್ಲಿ ತಾಳಗುಂದದ ರೈತ ರಾಮಪ್ಪ ಒಂದು ಹಿಡಿ ಜೋಳ ತಂದ. ರೇಣುಕಾಪ್ರಸಾದ್ ಅದನ್ನು ತೇವ ನೋಡುವ ಮಷಿನ್ನಿಗೆ ಸುರಿದರು.

"ಹದಿನೆಂಟು ಬಂತು. ಹಸಿ ಮಾಲು, ವಾಪಸ್ ಒಯ್ಯಿ. ಹದಿನಾಕಕ್ಕಿಂತ ಕಮ್ಮಿ ಬಂದ್ರ ಚಲೋ ಮಾಲು."

ಸುಂಕಲಮ್ಮ ಕಾಗದ ಹಿಡಿದೇ ಮಷಿನ್ನಿನ ಹತ್ತಿರ ಬಂದಳು.

"ಸಾವ್ಕಾರ್ರೆ, ಮಷಿನ್ನಾಗೆ ನಂಬರು ಕಮ್ಮಿ ಬಂದ್ರೆ ಚಲೋ ಮಾಲು ಅಂತೀರಿ. ನನ್ನ ಮಗಳ ನಂಬರು ಕಮ್ಮಿ ಬಂದ್ರೆ ಅದೆಂಗೆ ಫೇಲು?"

ರಾಮಪ್ಪ ಕಿಸಕ್ಕನೆ ನಕ್ಕ. ರೇಣುಕಾಪ್ರಸಾದರಿಗೆ ವಿಷಯ ಅರ್ಥವಾಯಿತು. ಅರ್ಥವಾದದ್ದು ಮುಖದ ಮೇಲೇ ಕಾಣಿಸಿತು. ರಾಮಪ್ಪ ನಕ್ಕದ್ದನ್ನು ಮಾತ್ರ ಅವರಿಗೆ ಸಹಿಸಲಾಗಲಿಲ್ಲ.

"ಲೇ ಸುಂಕ್ಲಿ, ಕಣ ಗುಡಿಸೋ ಹಡಬೆ, ನನಗೆ ಲೆಕ್ಕ ಕಲಿಸ್ತೀಯೇನ? ಸಹಿ ಹಾಕಂಗಿಲ್ಲ. ಮೋಡ ಆಗೈತಿ, ಹೋಗಿ ತಾಡಪಾಲು ಹೊದಿಸು."

ಅಂಜನಾಪುರದ ಕಡೆಯಿಂದ ಮೋಡ ಕಪ್ಪಗೆ ಏರಿ ಬರುತ್ತಿತ್ತು. ಕಣದ ತುಂಬ ನಾನೂರು ಚೀಲದ ಜೋಳ ಹರಡಿತ್ತು. ಕಣದಲ್ಲಿ ಜೊತೆಗೆ ದುಡಿಯುವ ನಿಂಗಮ್ಮ, ಉಳಿದ ಐವರು ಹೆಂಗಸರು ತಾಡಪಾಲಿನ ಸುರುಳಿಗೆ ಕೈಹಾಕಿದ್ದರು. ಸುಂಕಲಮ್ಮ ಹೋದವಳೇ ಆ ಸುರುಳಿಯ ಮೇಲೆ ಕೂತುಬಿಟ್ಟಳು. ಏನಾಯಿತೆಂದು ನಿಂಗಮ್ಮ ಕೇಳಿದಳು. ಇವಳು ಎರಡೇ ಮಾತಿನಲ್ಲಿ ಹೇಳಿದಳು. ನಿಂಗಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಪಕ್ಕದಲ್ಲಿ ಕೂತಳು. ಆಮೇಲೆ ಉಳಿದ ಐವರೂ.

ರೇಣುಕಾಪ್ರಸಾದ್ ಓಡಿಬಂದರು. ಏಳಿ ಎಂದು ಅರಚಿದರು, ಅವ್ವ ಅಪ್ಪ ಎಲ್ಲರನ್ನೂ ಎತ್ತಿ ಬೈದರು, ನಾಳೆಯಿಂದ ಒಬ್ಬಳೂ ಇತ್ತ ಬರಕೂಡದು ಎಂದರು. ಸುಂಕಲಮ್ಮನಿಗೆ ಹೆದರಿಕೆಯಾಗಿತ್ತು. ಆದರೂ ಕಾಗದ ಮುಂದೆ ಚಾಚಿದಳು. ನಾಗಶ್ರೀ ಬಂದು ಅದರ ಮೇಲೆ ಪೆನ್ನು ಇಟ್ಟಳು. ಸುಂಕಲಮ್ಮ ಕೂತಲ್ಲಿಂದಲೇ ಹೇಳಿದಳು.

"ಮಳೆ ಬಿದ್ರೆ ನಿಮ್ಮ ಮಾಲಿನ ನಂಬರು ಜಾಸ್ತಿ ಆಗ್ತದೆ, ಸಾವ್ಕಾರ್ರೆ. ನಿಮ್ಮ ಲೆಕ್ಕದಾಗೆ ಜಾಸ್ತಿ ಬಂದ್ರೆ ಪಾಸಲ್ವ?"

ದಪ್ಪ ಹನಿಯೊಂದು ಜೋಳದ ಮೇಲೆ ಬಿತ್ತು. ಇನ್ನೊಂದು ಅವರ ಬಿಳಿ ಅಂಗಿಯ ಮೇಲೆ. ಯಾರೂ ಏಳಲಿಲ್ಲ. ಸುಂಕಲಮ್ಮ ಕಾಗದಕ್ಕೆ ಮಾತ್ರ ಸೆರಗು ಅಡ್ಡ ಹಿಡಿದಳು.