ಕಂಬಳಿಯ ಮರಿ

ಕರಿಯ ಮೂರನೇ ಜೊತೆ ಚಪ್ಪಲಿಯನ್ನೂ ಕಡಿದು ಹಾಕಿದ ದಿನ ಮನೆ ಓನರ್ ಕಮಲಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನೊಂದು ತಕರಾರು ಬಂದರೆ ನಾಯಿ ಹೋಗಬೇಕು, ಇಲ್ಲವೇ ಮನೆ ಖಾಲಿಯಾಗಬೇಕು. ಅವರದೇನು ತಪ್ಪು ಬಿಡಿ, ಮೂರೂ ಜೊತೆ ಅವರವೇ.

ಹಾಗೆ ನೋಡಿದರೆ ಕರಿಯನದೂ ತಪ್ಪಲ್ಲ. ಒಂಬತ್ತು ವರ್ಷ ಕುರಿ ಕಾದ ನಾಯಿ. ಬೆಳಗ್ಗೆ ಕೆಂಚಕ್ಕ "ಹೋಗಾಣ" ಎಂದರೆ ಸಾಕು, ಮಂದೆಗಿಂತ ಮೊದಲೇ ಎದ್ದು ನಿಲ್ಲುತ್ತಿದ್ದ. ಗಂಡ ತೀರಿಕೊಂಡು, ತನ್ನ ಮಂಡಿಯೂ ಕೈಕೊಟ್ಟಾಗ ಅವಳು ಕುರಿ ಮಾರಿ, ಕರಿಯನನ್ನು ಕರೆದುಕೊಂಡು ಹೊಸದುರ್ಗದಲ್ಲಿದ್ದ ಮಗಳು ಯಶೋಧಾಳ ಬಾಡಿಗೆ ಮನೆಗೆ ಬಂದಳು. ಇಲ್ಲಿ ಕಾಯುವುದಕ್ಕೇನಿದೆ? ಒಂದು ನಲ್ಲಿ, ಒಂದು ಸ್ಕೂಟಿ. ಕೆಲಸವಿಲ್ಲದ ಹಲ್ಲು ಚಪ್ಪಲಿಗೆ ಬಿತ್ತು.

ಹಳೇ ಸಾಮಾನಿನಲ್ಲೇ ಆಟಿಕೆ ಮಾಡಿಕೊಟ್ಟರೆ ನಾಯಿ ಅದನ್ನು ಕಡಿಯುತ್ತಾ ಸುಮ್ಮನಿರುತ್ತದೆ ಎಂದು ಯಶೋಧಾ ಮೊಬೈಲಿನಲ್ಲಿ ತೋರಿಸಿದಳು. ಕೆಂಚಕ್ಕ ಹಳೇ ಸೀರೆ ಹರಿದು ಜಡೆ ಹೆಣೆದಳು. ತೂತುಬಿದ್ದ ಕಾಲುಚೀಲಕ್ಕೆ ನೀರಿನ ಬಾಟಲಿ ತುರುಕಿದಳು. ಕರಿಯ ಎರಡನ್ನೂ ಮೂಸಿ, ಕಮಲಮ್ಮನವರ ಕಾಲೊರಸಿನ ಕಡೆ ನೋಡಿದ.

ಕೊನೆಗೆ ಅವಳು ಗಂಡನ ಕಂಬಳಿ ತೆಗೆದಳು. ಕಂಬಳಿ ಹಾಸಿ ದೇವರನ್ನು ಕೂರಿಸುವ ಮನೆತನ. ಕತ್ತರಿ ಹಾಕುವ ಮೊದಲು ಅದನ್ನು ಕಣ್ಣಿಗೊತ್ತಿಕೊಂಡಳು. ಒಂದು ಮೂಲೆ ಕತ್ತರಿಸಿ, ಸುರುಳಿ ಸುತ್ತಿ, ದಾರದಿಂದ ಬಿಗಿದು ಅವನ ಮುಂದೆ ಹಾಕಿದಳು. ಅದರಲ್ಲಿನ್ನೂ ಕುರಿವಾಸನೆ ಇತ್ತು.

ಕರಿಯ ಕಡಿಯಲಿಲ್ಲ. ಕುರಿ ಕಾಯುವ ನಾಯಿ ಕುರಿಗೆ ಹಲ್ಲು ಹಾಕುವುದುಂಟೇ? ಹುಟ್ಟಿದಾಗಿನಿಂದ ಗೊತ್ತಿದ್ದ ಮಾತನ್ನು ಕೆಂಚಕ್ಕನೇ ಮರೆತಿದ್ದಳು. ಕರಿಯ ಆ ಸುರುಳಿಯನ್ನು ಎಳೆಮರಿಯನ್ನು ಎತ್ತಿದಂತೆ ಮೆಲ್ಲಗೆ ಕಚ್ಚಿ ಒಯ್ದು, ಹೊಸಿಲ ಮುಂದೆ ಇಟ್ಟು ಕಾಯುತ್ತಾ ಕೂತ. ಮೂರು ದಿನ ಯಾರ ಚಪ್ಪಲಿಯೂ ಹೋಗಲಿಲ್ಲ. ಕೆಂಚಕ್ಕನಿಗೆ ಹೋದ ಜೀವ ಬಂದಂತಾಯಿತು.

ನಾಲ್ಕನೇ ದಿನ ಕಮಲಮ್ಮ ಕಸವೆಂದುಕೊಂಡು ಅದನ್ನು ಎತ್ತಲು ಹೋದರು. ಕರಿಯ ಕೈಗೆ ಬಾಯಿ ಹಾಕಿಬಿಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಇಂಜೆಕ್ಷನ್ ಹಾಕಿಸಿಕೊಂಡು ಬಂದ ಕಮಲಮ್ಮ ಬೈಯಲೂ ಇಲ್ಲ.

"ಇವತ್ತೇ ಕಳಿಸ್ರಿ," ಎಂದರು.

ಕೆಂಚಕ್ಕ ಮಗಳ ಕೈಲಿ ಫೋನ್ ಮಾಡಿಸಿದಳು. ಸಂಜೆ ಅವಳ ಮೈದುನ ಮಾರಣ್ಣ ಆದಿವಾಲದಿಂದ ಗೂಡ್ಸ್ ಗಾಡಿ ತಂದ. ಅವನ ತೋಟಕ್ಕೊಂದು ಕಾವಲುನಾಯಿ ಬೇಕಿತ್ತು. ಅಲ್ಲಿ ಕುರಿ ಇಲ್ಲ, ಗೇಟಿನ ಪಕ್ಕ ಸರಪಳಿ ಇದೆ. ಎಳೆದರೂ ಗದರಿಸಿದರೂ ಕರಿಯ ಮರಿ ಬಿಟ್ಟು ಏಳಲೊಲ್ಲ.

"ಅತ್ಗೆಮ್ಮ, ಅದು ನಿಮ್ ಮಾತೇ ಕೇಳಾದು. ನೀವೇ ಹತ್ತಿಸ್ರಿ."

ಎಬ್ಬಿಸುವ ದಾರಿ ಅವಳಿಗೆ ಗೊತ್ತಿತ್ತು, ಸಂಕಟವೂ ಅದೇ. ಬಗ್ಗಿ ಕಂಬಳಿಯ ಮರಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಕರಿಯ ತಟ್ಟನೆ ಎದ್ದು, ಬಾಲ ಆಡಿಸುತ್ತಾ ಹಿಂದೆ ಬಂದ. ಮಂದೆ ಹೊರಟಿತೆಂದೇ ತಿಳಿದಿದ್ದ. ಮರಿಯನ್ನು ಗಾಡಿಯೊಳಗೆ ಹಾಕಿದಳು. ಅವನೂ ಹಾರಿ ಹತ್ತಿದ.

ಮಾರಣ್ಣ ಹಿಂದಿನ ಬಾಗಿಲು ಹಾಕಿ ಕೊಂಡಿ ಸಿಕ್ಕಿಸಿದ. ಕರಿಯ ಕೆಂಚಕ್ಕನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು ಕೂತು, ಅವಳ ಮುಖವನ್ನೇ ನೋಡಿದ. "ಹೋಗಾಣ" ಅನ್ನುವಂತಿರಲಿಲ್ಲ. "ಹೋಗು" ಅನ್ನಲು ಅವಳಿಗೆ ಬಾಯಿ ಬರಲಿಲ್ಲ.